ಆಣೆ ಹೋಯ್ತು, ಕಾಲು ಮಗ್ಗಿ ಹೋಯ್ತು: ಶಾಲೇಲಿ ಯಾವ ಲೆಕ್ಕ ಕಲಿಸಬೇಕು?

ತುಮಕೂರಿನಿಂದ ಮಾತಾಡ್ತಿದ್ದೀನಿ. ಬೆಂಗಳೂರು ರೈಲಲ್ಲಿ ನಿಂತ್ಕೊಂಡು ಕೇಳ್ತಿರೋರಿಗೂ, ರಾತ್ರಿ ಮಲಗೋ ಮುಂಚೆ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ಸಂಚಿಕೆ ಲೆಕ್ಕದ ಬಗ್ಗೆ. ಮುಂದಕ್ಕೆ ಓಡಿಸಬೇಡಿ, ಪ್ಲೀಸ್. ಪರೀಕ್ಷೆ ಇಲ್ಲ, ಮಾರ್ಕ್ಸೂ ಇಲ್ಲ. ಇರೋದು ಒಂದು ಸ್ಕೂಟರ್, ಒಬ್ಬ ತಾತ, ಒಂದು ಲಂಗ, ಮತ್ತೆ ಸಾವಿರದ ಇನ್ನೂರು ವರ್ಷದ ಒಂದು ಕಥೆ.

ನೀವೂ ಈ ಮಾತು ಕೇಳಿರ್ತೀರಿ: "ಶಾಲೇಲಿ ಆ ಎಕ್ಸ್, ವೈ ಎಲ್ಲ ಯಾಕೆ ಕಲಿಸಿದ್ರು? ಅದರ ಬದಲು ಬಡ್ಡಿ, ಟ್ಯಾಕ್ಸ್, ಇಎಂಐ ಕಲಿಸಿದ್ದಿದ್ರೆ ಉಪಯೋಗ ಆಗ್ತಿತ್ತು." ಇದರ ಮೇಲೆ ರೀಲ್ಸ್ ಇವೆ, ಮೀಮ್ಸ್ ಇವೆ. ನಾನೂ ಒಂದು ಕಾಲದಲ್ಲಿ ಹಂಚಿಕೊಂಡಿದ್ದೆ. ಈಗ ನನಗೆ ಬೇರೆ ಥರ ಅನ್ನಿಸುತ್ತೆ. ಯಾಕೆ ಅಂತ ಹೇಳೋಕೆ ನನ್ನ ಪೆದ್ದುತನದಿಂದಲೇ ಶುರು ಮಾಡ್ಬೇಕು.

ಸ್ಕೂಟರ್ ಸಾಲ

2021. ಬಿ.ಕಾಂ ಮುಗಿದು ಎರಡು ವರ್ಷ ಆಗಿತ್ತು. ಸ್ಕೂಟರ್‌ಗೆ 50,000 ರೂಪಾಯಿ ಸಾಲ ಬೇಕಿತ್ತು. ಫೈನಾನ್ಸ್‌ನವರು ಹೇಳಿದ್ದು ಇಷ್ಟೇ: ವರ್ಷಕ್ಕೆ 12 ಪರ್ಸೆಂಟ್, 24 ಕಂತು, ತಿಂಗಳಿಗೆ 2,583 ರೂಪಾಯಿ. ನಾನು ಮನಸ್ಸಲ್ಲೇ ಲೆಕ್ಕ ಹಾಕಿದೆ. 50,000ಕ್ಕೆ ವರ್ಷಕ್ಕೆ 6,000 ಬಡ್ಡಿ, ಎರಡು ವರ್ಷಕ್ಕೆ 12,000. ಒಟ್ಟು 62,000. 24ರಿಂದ ಭಾಗಿಸಿದ್ರೆ 2,583. ಕರೆಕ್ಟಾಗಿದೆ ಅಂತ ಸೈನ್ ಹಾಕಿ ಬಂದೆ.

ಮನೇಲಿ ತಾತನಿಗೆ ಹೇಳಿದೆ. ನಮ್ಮ ತಾತ ಓದಿದ್ದು ಏಳನೇ ಕ್ಲಾಸು. ಗುಬ್ಬಿಯ ಅಡಿಕೆ ಮಂಡಿಯೊಂದರಲ್ಲಿ ಗುಮಾಸ್ತನಾಗಿ ಇಡೀ ಆಯುಸ್ಸು ಕಳೆದವರು. ಎಲ್ಲ ಕೇಳಿಸ್ಕೊಂಡು ಒಂದೇ ಪ್ರಶ್ನೆ ಕೇಳಿದ್ರು:

"ಅಲ್ಲಪ್ಪಾ, ಒಂದು ವರ್ಷ ಆದ್ಮೇಲೆ ಅರ್ಧ ಅಸಲು ತೀರಿಸಿರ್ತೀಯ. ಆಮೇಲೂ ಪೂರ್ತಿ ಐವತ್ತು ಸಾವಿರಕ್ಕೇ ಬಡ್ಡಿ ಕಟ್ತೀಯಾ?"

ನಾನು ಸುಮ್ಮನಾದೆ. ಕಟ್ತಿದ್ದೆ. ಕೊನೇ ತಿಂಗಳಲ್ಲಿ ನನ್ನ ಹತ್ರ ಉಳಿದಿರೋ ಅಸಲು ಸುಮಾರು 2,083 ರೂಪಾಯಿ, ಅದಕ್ಕೂ ಆ ತಿಂಗಳ ಬಡ್ಡಿ 500 ರೂಪಾಯಿ. ಹಳ್ಳಿ ಲೆಕ್ಕದಲ್ಲಿ ಹೇಳೋದಾದ್ರೆ ಆ ತಿಂಗಳ ಮಟ್ಟಿಗೆ ನೂರಕ್ಕೆ 24 ರೂಪಾಯಿ ಬಡ್ಡಿ. ಇದಕ್ಕೆ "ಫ್ಲ್ಯಾಟ್ ರೇಟ್" ಅಂತಾರೆ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿದ್ರೆ, ಅದೇ 12 ಪರ್ಸೆಂಟ್‌ಗೆ ಕಂತು 2,354 ರೂಪಾಯಿ ಆಗ್ತಿತ್ತು, ಎರಡು ವರ್ಷದ ಒಟ್ಟು ಬಡ್ಡಿ ಸುಮಾರು 6,500. ನಾನು ಕಟ್ಟಿದ್ದು 12,000.

ಹಾಗಾದ್ರೆ ನನ್ನ ಸಾಲದ ನಿಜವಾದ ಬಡ್ಡಿ ದರ ಎಷ್ಟು? ತಾತನಿಗೆ ಮೋಸ ಎಲ್ಲಿದೆ ಅಂತ ಗೊತ್ತಾಯ್ತು, ಆದ್ರೆ ದರ ಎಷ್ಟು ಅಂತ ಹೇಳೋಕೆ ಆಗಲಿಲ್ಲ. ನನಗೆ ದರ ಕಂಡುಹಿಡಿಯೋಕೆ ಬರ್ತಿತ್ತು, ಕಾಲೇಜಲ್ಲಿ ಕಲಿತಿದ್ದೆ. ಆದ್ರೆ ಕಂಡುಹಿಡೀಬೇಕು ಅಂತಲೇ ಹೊಳೆಯಲಿಲ್ಲ. ಎಕ್ಸೆಲ್‌ನಲ್ಲಿ ಹಾಕಿ ನೋಡಿದ್ರೆ ಬಂದದ್ದು ವರ್ಷಕ್ಕೆ ಸುಮಾರು 21.5 ಪರ್ಸೆಂಟ್.

ಇವತ್ತಿನ ಸಂಚಿಕೆ ಹುಟ್ಟಿದ್ದು ಇಲ್ಲೇ. ತಾತನ ಹತ್ರ ಇದ್ದದ್ದು ದಿನಬಳಕೆ ಲೆಕ್ಕ. ನನ್ನ ಹತ್ರ ಇದ್ದದ್ದು ದೊಡ್ಡ ಗಣಿತ. ಇಬ್ಬರೂ ಸೇರಿದಾಗಲೇ ಉತ್ತರ ಸಿಕ್ಕಿದ್ದು. ಇವೆರಡೂ ಬೇರೆ ಬೇರೆ ಆಗಿದ್ದು ಯಾವಾಗ?

ಅಡುಗೆಗೂ ಗಣಿತ

ಮೊದಲು ತುಂಬಾ ಹಿಂದಕ್ಕೆ ಹೋಗೋಣ. ಸುಮಾರು ಕ್ರಿ.ಶ. 850. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲ, ರಾಜಧಾನಿ ಮಾನ್ಯಖೇಟ, ಅಂದ್ರೆ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ಆ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ "ಗಣಿತಸಾರಸಂಗ್ರಹ" ಅನ್ನೋ ಪುಸ್ತಕ ಬರೆದ. ಶುರುವಿನಲ್ಲೇ ಗಣಿತ ಎಲ್ಲೆಲ್ಲಿ ಬೇಕಾಗುತ್ತೆ ಅಂತ ಒಂದು ಪಟ್ಟಿ ಕೊಡ್ತಾನೆ. ಲೋಕದ ವ್ಯವಹಾರಕ್ಕೆ ಬೇಕು, ಸಂಗೀತಕ್ಕೆ ಬೇಕು, ನಾಟಕಕ್ಕೆ, ವೈದ್ಯಕ್ಕೆ, ಮನೆ ಕಟ್ಟೋಕೆ ಬೇಕು. ಆ ಪಟ್ಟೀಲಿ ಅಡುಗೆಯೂ ಇದೆ!

ಅದೇ ಪುಸ್ತಕದಲ್ಲಿ ಬಡ್ಡಿ ಲೆಕ್ಕ ಇದೆ, ಚಿನ್ನ ಬೆರೆಸೋ ಲೆಕ್ಕ ಇದೆ, ಗುಂಡಿ ತೋಡೋ ಲೆಕ್ಕ ಇದೆ. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ರೀತಿಯಲ್ಲಿ ಆರಿಸಬಹುದು ಅನ್ನೋದಕ್ಕೆ ಸಾಮಾನ್ಯ ಸೂತ್ರವೂ ಇದೆ. ಪಿಯುಸಿಯಲ್ಲಿ ನಮ್ಮ ತಲೆ ತಿಂದ ಕಾಂಬಿನೇಷನ್ಸ್ ಅದೇ. ಋಣ ಸಂಖ್ಯೆಗೆ ವರ್ಗಮೂಲ ಇರಲ್ಲ ಅನ್ನೋ ಮಾತೂ ಇದೆ. ಅಡುಗೆಮನೆಯಿಂದ ವರ್ಗಮೂಲದವರೆಗೆ ಎಲ್ಲಾ ಒಂದೇ ರಟ್ಟಿನೊಳಗೆ.

ಮುಂದೆ 12ನೇ ಶತಮಾನ, ಹೊಯ್ಸಳರ ಕಾಲ. ತುಮಕೂರಿನ ಪಕ್ಕದ ಕೈದಾಳದ ಚೆನ್ನಕೇಶವ ದೇವಸ್ಥಾನ ಕಟ್ಟಿದ ಕಾಲವೂ ಅದೇ. ಆಗ ರಾಜಾದಿತ್ಯ ಅನ್ನೋ ಜೈನ ಕವಿ ಗಣಿತವನ್ನ ಕನ್ನಡಕ್ಕೆ ತಂದ. ಅವನ ಪುಸ್ತಕದ ಹೆಸರೇ "ವ್ಯವಹಾರ ಗಣಿತ". ಅದು ಪದ್ಯದಲ್ಲಿದೆ, ಜೊತೆಗೆ ಗದ್ಯದ ವಿವರಣೆಯೂ ಇದೆ. ಅದೇ ಮನುಷ್ಯ "ಕ್ಷೇತ್ರ ಗಣಿತ" ಅಂತ ರೇಖಾಗಣಿತದ ಪುಸ್ತಕವನ್ನೂ ಬರೆದ. ಅವನಿಗೆ ಯಾರೂ "ಬೇಸಿಕ್ ಬೇಕಾ, ಸ್ಟ್ಯಾಂಡರ್ಡ್ ಬೇಕಾ" ಅಂತ ಕೇಳಿರಲಿಲ್ಲ.

ಆದ್ರೆ ಒಂದು ಮಾತು ನೆನಪಿರಲಿ. ಇವೆಲ್ಲ ಓದು ಬಲ್ಲವರ ಪುಸ್ತಕಗಳು. ಸಾಮಾನ್ಯ ಮಕ್ಕಳು ಏನು ಕಲೀತಿದ್ರು?

ನಾಲ್ಕರಲ್ಲಿ ಒಡೆಯೋ ಲೆಕ್ಕ

ಅದಕ್ಕೆ 1823ಕ್ಕೆ ಬರಬೇಕು. ನಮ್ಮ ಜಿಲ್ಲೆಯ ಪಾವಗಡ ದಾಟಿ ಉತ್ತರಕ್ಕೆ ಹೋದ್ರೆ ಆಗಿನ ಬಳ್ಳಾರಿ ಜಿಲ್ಲೆ, ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ್ದು. ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ಎಲ್ಲ ಕಲೆಕ್ಟರ್‌ಗಳಿಗೂ ನಿಮ್ಮ ಜಿಲ್ಲೆಯಲ್ಲಿ ಶಾಲೆಗಳು ಹೇಗಿವೆ ಅಂತ ವರದಿ ಕೊಡೋಕೆ ಹೇಳಿದ್ದ. ಬಳ್ಳಾರಿ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಬರೆದ ವರದಿ ಇವತ್ತಿಗೂ ಓದೋಕೆ ಸಿಗುತ್ತೆ. ಒಟ್ಟು 533 ಶಾಲೆ, 6,641 ಮಕ್ಕಳು. ಅದರಲ್ಲಿ 235 ಕನ್ನಡ ಶಾಲೆಗಳು.

ಇವು ನಾವು ಕೂಲಿಮಠ ಅಂತ ಕರೀತಿದ್ದ ಶಾಲೆಗಳು. ಊರವರು ಕೊಡೋ ದವಸ, ದುಡ್ಡಿನ ಮೇಲೆ ಐಗಳು ಪಾಠ ಹೇಳ್ತಿದ್ರು. ಮಕ್ಕಳು ಮೊದಲು ಮರಳಲ್ಲಿ ಬೆರಳಿಂದ ಅಕ್ಷರ ತೀಡ್ತಿದ್ರು. ಆಮೇಲೆ ಕಡತ. ಅಂದ್ರೆ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಮಾಡಿದ ಕಪ್ಪು ಪುಸ್ತಕ, ಅದರ ಮೇಲೆ ಬಳಪ. ಅಳಿಸಬಹುದು, ಮತ್ತೆ ಬರೀಬಹುದು. ನಿಮ್ಮ ಟ್ಯಾಬ್ಲೆಟ್‌ನ ಮುತ್ತಜ್ಜ ಅಂದ್ಕೊಳ್ಳಿ.

ಲೆಕ್ಕದ ಪಾಠದ ಬಗ್ಗೆ ಕ್ಯಾಂಪ್‌ಬೆಲ್ ಬರೆದದ್ದನ್ನ ಓದುವಾಗ ನನಗೆ ತಾತ ಕಣ್ಣ ಮುಂದೆ ಬಂದ್ರು. ಕೂಡೋದು, ಕಳೆಯೋದು, ಗುಣಿಸೋದು, ಹಣ ಮತ್ತು ಅಳತೆಗಳನ್ನ ಒಂದರಿಂದ ಇನ್ನೊಂದಕ್ಕೆ ಬದಲಾಯಿಸೋದು. ಎಲ್ಲಕ್ಕಿಂತ ಹೆಚ್ಚು ಶ್ರಮ ಭಿನ್ನರಾಶಿಗೆ. ಈ ಭಿನ್ನರಾಶಿಗಳು ಇಂಗ್ಲಿಷರ ದಶಮಾಂಶದ ಹಾಗೆ ಹತ್ತರಲ್ಲಿ ಇಳಿಯಲ್ಲ, ನಾಲ್ಕರಲ್ಲಿ ಇಳಿಯುತ್ತವೆ ಅಂತ ಅವನು ಗಮನಿಸ್ತಾನೆ. ದಿನಕ್ಕೆ ಎರಡು ಸಲ ಮಕ್ಕಳೆಲ್ಲ ಸಾಲಾಗಿ ನಿಂತು, ದೊಡ್ಡ ಹುಡುಗನೊಬ್ಬ ಹೇಳಿಕೊಟ್ಟ ಹಾಗೆ ಮಗ್ಗಿ, ಅಳತೆ, ತೂಕ ಎಲ್ಲ ಒಟ್ಟಿಗೆ ಕೂಗಿ ಒಪ್ಪಿಸ್ತಿದ್ರು.

ಯಾಕೆ ನಾಲ್ಕು? ನೋಡಿ. ಒಂದರ ನಾಲ್ಕನೇ ಒಂದು ಕಾಲು. ಕಾಲಿನ ಕಾಲು ವೀಸ, ಅಂದ್ರೆ ಹದಿನಾರನೇ ಒಂದು. ವೀಸದ ಕಾಲು ಕಾಣಿ, ಅಂದ್ರೆ ಅರವತ್ನಾಲ್ಕನೇ ಒಂದು. ಈಗ ಹಳೇ ರೂಪಾಯಿ ನೆನಪಿಸಿಕೊಳ್ಳಿ. ರೂಪಾಯಿಗೆ 16 ಆಣೆ. ಅಂದ್ರೆ ಒಂದು ಆಣೆ ರೂಪಾಯಿಯ ವೀಸ. ಆಣೆಯ ಕಾಲು ಅಂದ್ರೆ ಕಾಲಾಣೆ, ಮೂರು ಕಾಸು, ಅದೇ ಮುಕ್ಕಾಸು. ಅದು ರೂಪಾಯಿಯ ಕಾಣಿ. ಸೇರಿಗೆ ನಾಲ್ಕು ಪಾವು, ಹದಿನಾರು ಚಟಾಕು. ಇವತ್ತಿಗೂ ಸರ್ವೆ ಲೆಕ್ಕದಲ್ಲಿ ಒಂದು ಗುಂಟೆಗೆ 16 ಆಣೆ. ಅಂದ್ರೆ ಶಾಲೆಯ ಮಗ್ಗಿ, ಸಂತೆಯ ತಕ್ಕಡಿ, ಜೇಬಿನ ದುಡ್ಡು ಮೂರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಗೆ ಇದ್ವು.

ನಮ್ಮ ತಾತ ಕೂಲಿಮಠಕ್ಕೆ ಹೋದವರಲ್ಲ, ಸರ್ಕಾರಿ ಪ್ರೈಮರಿ ಶಾಲೆ. ಮೈಸೂರು ಸಂಸ್ಥಾನದಲ್ಲಿ 1868ರಲ್ಲಿ ಬಿ.ಎಲ್. ರೈಸ್, ಹೌದು ಅದೇ ಶಾಸನಗಳ ರೈಸ್, ಹೋಬಳಿ ಶಾಲೆಗಳ ಯೋಜನೆ ತಂದ ಮೇಲೆ ಸರ್ಕಾರಿ ಶಾಲೆ ಹಳ್ಳಿ ಕಡೆ ಬರೋಕೆ ಶುರುವಾಯ್ತು. ಆದ್ರೆ ಶಾಲೆ ಬದಲಾದ್ರೂ ಆಣೆ ಬದಲಾಗಿರಲಿಲ್ಲ. ಹಾಗಾಗಿ ಮಗ್ಗಿಯೂ ಬದಲಾಗಿರಲಿಲ್ಲ. ತಾತ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ, ಒಂದೂಕಾಲು ಮಗ್ಗಿ ಎಲ್ಲ ಕಲಿತರು.

ಒಂದು ದಿನ ಅವರನ್ನ ಪರೀಕ್ಷೆ ಮಾಡಿದೆ. "ತಾತ, ಸೇರಿಗೆ ಒಂದೂಕಾಲು ರೂಪಾಯಿ. ಆರೂಕಾಲು ಸೇರಿಗೆ ಎಷ್ಟು?"

ನಾನು ಮೊಬೈಲಲ್ಲಿ ಕ್ಯಾಲ್ಕುಲೇಟರ್ ತೆಗೆಯೋಷ್ಟರಲ್ಲಿ ಉತ್ತರ ಬಂತು: "ಏಳು ರೂಪಾಯಿ ಹದಿಮೂರಾಣೆ."

ಹೇಗೆ ಅಂದೆ. "ಆರು ಒಂದೂಕಾಲ್ಲಿ ಏಳೂವರೆ. ಮಿಕ್ಕಿದ ಕಾಲು ಸೇರಿಗೆ ಒಂದೂಕಾಲಿನ ಕಾಲು, ಐದಾಣೆ. ಏಳು ರೂಪಾಯಿ ಎಂಟಾಣೆಗೆ ಐದಾಣೆ ಸೇರಿಸು." ಕ್ಯಾಲ್ಕುಲೇಟರ್ 7.8125 ಅಂತು. ಅದು ಸರಿಯಾಗಿ ಏಳು ರೂಪಾಯಿ ಹದಿಮೂರಾಣೆ. ಒಂದು ಕಾಸೂ ಹೆಚ್ಚಿಲ್ಲ, ಕಮ್ಮಿ ಇಲ್ಲ.

ಇಷ್ಟು ಕೇಳಿದ್ರೆ "ನೋಡಿ, ಹಳೇ ಕಾಲವೇ ಚೆನ್ನಾಗಿತ್ತು, ಬೇಕಾದ ಲೆಕ್ಕ ಕಲಿಸ್ತಿದ್ರು" ಅಂತ ಅನ್ನಿಸಬಹುದು. ಸ್ವಲ್ಪ ತಡೀರಿ. ಕ್ಯಾಂಪ್‌ಬೆಲ್ ಪಟ್ಟಿಯ ಆ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು ಎಷ್ಟು ಗೊತ್ತಾ? 60. ಜಿಲ್ಲೆಗೆಲ್ಲ ಅರವತ್ತು ಜನ. ಇನ್ನು ಪದ್ಯಗಳ ವಿಷಯಕ್ಕೆ ಬಂದ್ರೆ, ಮಕ್ಕಳು ಅರ್ಥ ಗೊತ್ತಿಲ್ಲದೇ ಬಾಯಿಪಾಠ ಮಾಡ್ತಾರೆ ಅಂತ ಅದೇ ವರದಿ ದೂರುತ್ತೆ.

1957, ಏಪ್ರಿಲ್ 1

ಕಥೆಯ ತಿರುವು ಇಲ್ಲಿದೆ. ಗುಬ್ಬಿ ವ್ಯಾಪಾರದ ಊರು ಅನ್ನೋದು ಹೊಸದೇನಲ್ಲ. 1800ರಲ್ಲೇ ಫ್ರಾನ್ಸಿಸ್ ಬುಕಾನನ್ ಆ ಊರಿಗೆ ಬಂದು ಅಲ್ಲಿನ ಸಂತೆ, ವ್ಯಾಪಾರದ ಬಗ್ಗೆ ಬರೆದಿದ್ದ. ನಮ್ಮ ತಾತ 17ನೇ ವಯಸ್ಸಿಗೆ ಮಂಡಿ ಸೇರಿದ್ದು 1957ರಲ್ಲಿ. ಅದೇ ವರ್ಷ ಏಪ್ರಿಲ್ 1ಕ್ಕೆ ದೇಶದಲ್ಲಿ ಆಣೆ ಲೆಕ್ಕ ಹೋಗಿ, ರೂಪಾಯಿಗೆ ನೂರು ನಯಾ ಪೈಸೆ ಬಂತು.

ನೂರನ್ನ ಹದಿನಾರರಿಂದ ಭಾಗಿಸಿ. 6.25. ಕಾಲು ಪೈಸೆ ನಾಣ್ಯ ಇಲ್ಲ. ಅದಕ್ಕೆ ಬದಲಾವಣೆ ಪಟ್ಟಿ ಮಾಡಿದ್ರು: ಒಂದಾಣೆಗೆ 6 ಪೈಸೆ, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಈಗ ನೀವು ಬೀಡಾ ಅಂಗಡಿಯವರು ಅಂದ್ಕೊಳ್ಳಿ. ಹದಿನಾರು ಜನ ಒಂದೊಂದಾಣೆಯ ಸಾಮಾನು ತಗೊಂಡು ಪಟ್ಟಿ ಪ್ರಕಾರ ಆರಾರು ಪೈಸೆ ಕೊಟ್ರು. ನಿಮಗೆ ಬಂದದ್ದು 96 ಪೈಸೆ. ಹಿಂದಿನ ದಿನ ಅದೇ ವ್ಯಾಪಾರಕ್ಕೆ ಪೂರ್ತಿ ಒಂದು ರೂಪಾಯಿ ಬರ್ತಿತ್ತು. ನಾಲ್ಕು ಪೈಸೆ ಎಲ್ಲಿ ಹೋಯ್ತು?

1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಸೇರು, ಮಣ ಹೋಗಿ ಕಿಲೋ ಬಂತು. ಶತಮಾನಗಳಿಂದ ಮಕ್ಕಳು ಸಾಲಾಗಿ ನಿಂತು ಕೂಗಿದ ವೀಸ, ಕಾಣಿ, ಚಟಾಕು ಎಲ್ಲ ಕೆಲವೇ ವರ್ಷದಲ್ಲಿ ಸಂತೆಯಿಂದ ಎದ್ದು ಹೋದವು. ಅಷ್ಟು ಚೆನ್ನಾಗಿ ಕಲಿಸಿದ್ದ ದಿನಬಳಕೆ ಲೆಕ್ಕ, "ದಿನ" ಬದಲಾದ ಕೂಡಲೇ ಬಳಕೆ ತಪ್ಪಿತು.

ಆಗ ನೀನೇನು ಮಾಡಿದೆ ತಾತ ಅಂತ ಕೇಳಿದೆ. ಮಂಡಿಯಲ್ಲಿ ಅವರ ಜೊತೆ ಇದ್ದ ಹಿರಿಯ ಗುಮಾಸ್ತರೊಬ್ಬರು ಮಗ್ಗಿಯಲ್ಲಿ ತಾತನಿಗಿಂತ ಜೋರಂತೆ. ಆದ್ರೆ ಅವರಿಗೆ ಬರ್ತಿದ್ದದ್ದು ಬಾಯಿಪಾಠ ಮಾತ್ರ. ಹೊಸ ಲೆಕ್ಕ ಬಂದ ಮೇಲೆ ವರ್ಷಗಟ್ಟಲೆ ಪಟ್ಟಿಯ ಕಾಗದ ಮೇಜಿಗೆ ಅಂಟಿಸ್ಕೊಂಡು ಒದ್ದಾಡಿದ್ರಂತೆ. ತಾತ ಹೇಳಿದ್ದು ಇಷ್ಟು: "ನಂಗೇನೂ ಕಷ್ಟ ಆಗಲಿಲ್ಲ ಕಣಪ್ಪಾ. ಒಡೆದು ಲೆಕ್ಕ ಮಾಡೋದು ಗೊತ್ತಿತ್ತಲ್ಲ. ಮುಂಚೆ ಹದಿನಾರಕ್ಕೆ ಒಡೀತಿದ್ದೆ, ಆಮೇಲೆ ನೂರಕ್ಕೆ ಒಡೆದೆ."

ಒಡೆದು ಲೆಕ್ಕ ಮಾಡೋದು. ಆರೂಕಾಲನ್ನ ಆರು ಮತ್ತು ಕಾಲು ಅಂತ ಒಡೆಯೋದು, ಬೇರೆ ಬೇರೆ ಗುಣಿಸಿ ಕೂಡೋದು. ಇದನ್ನೇ ಹೈಸ್ಕೂಲಲ್ಲಿ ಎ ಪ್ಲಸ್ ಬಿ ಬ್ರಾಕೆಟ್, ಸಿ ಪ್ಲಸ್ ಡಿ ಬ್ರಾಕೆಟ್ ಅಂತ ಬರೆಸ್ತಾರೆ. ನಾವು "ಯಾವ ಕರ್ಮಕ್ಕೆ" ಅಂತ ಬೈಕೊಂಡು ಬರೆದ ಬೀಜಗಣಿತ ಅದು. ತಾತನಿಗೆ ಅದರ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಆಣೆ ಹೋದ್ಮೇಲೂ ಅವರ ಹತ್ರ ಉಳಿದದ್ದು ಅದೇ.

ಎಲ್ಲರಿಗೂ ಗಣಿತ ಅಂದವರು ಯಾರು?

ಆಮೇಲೆ ಬಂದದ್ದು ಕೊಠಾರಿ ಆಯೋಗ, 1964ರಿಂದ 66. ಮೊದಲ ಹತ್ತು ವರ್ಷದ ಓದಿನಲ್ಲಿ ಎಲ್ಲ ಮಕ್ಕಳಿಗೂ ಗಣಿತ ಮತ್ತು ವಿಜ್ಞಾನ ಕಡ್ಡಾಯ ಆಗಬೇಕು ಅಂತ ಅದು ಶಿಫಾರಸು ಮಾಡ್ತು. ಇವತ್ತು ನಾವು ಬೈಯೋ ಕಡ್ಡಾಯದ ಬೇರು ಅಲ್ಲಿದೆ.

ಅದಕ್ಕೂ ಸ್ವಲ್ಪ ಮುಂಚೆ ಹಂಸಾ ಮೆಹ್ತಾ ಸಮಿತಿ ಗಂಡುಮಕ್ಕಳಿಗೊಂದು, ಹೆಣ್ಣುಮಕ್ಕಳಿಗೊಂದು ಪಠ್ಯಕ್ರಮ ಇರಬಾರದು ಅಂತ ಹೇಳಿತ್ತು. ಹೆಣ್ಣುಮಕ್ಕಳಿಗೆ ಗೃಹವಿಜ್ಞಾನ ಸಾಕು, ಗಣಿತ ಯಾಕೆ ಅನ್ನೋ ಯೋಚನೆ ಆಗ ತುಂಬಾ ಸಹಜವಾಗಿತ್ತು. ಇದನ್ನ ಓದಿದ ಮೇಲೆ ನನಗೆ ಒಂದು ವಿಷಯ ಗೊತ್ತಾಯ್ತು. "ನಿನಗೆ ಬೇಕಾದಷ್ಟು ಲೆಕ್ಕ ಕಲಿ" ಅನ್ನೋ ಮಾತು ಕೇಳೋಕೆ ಚೆಂದ. ಆದ್ರೆ ಎಷ್ಟು ಬೇಕು ಅಂತ ನಿರ್ಧಾರ ಮಾಡೋದು ಆ ಮಗು ಅಲ್ಲ. ಅಪ್ಪ, ಮೇಷ್ಟ್ರು, ಊರು, ಜಾತಿ, ಮನೆಯ ದುಡ್ಡು ನಿರ್ಧಾರ ಮಾಡುತ್ತೆ.

ಇವತ್ತು ಸಿಬಿಎಸ್‌ಇಯಲ್ಲಿ 2020ರ ಪರೀಕ್ಷೆಯಿಂದ ಹತ್ತನೇ ಕ್ಲಾಸಿಗೆ ಎರಡು ಗಣಿತ ಪತ್ರಿಕೆ ಇವೆ, ಬೇಸಿಕ್ ಮತ್ತು ಸ್ಟ್ಯಾಂಡರ್ಡ್. ಪಾಠ ಒಂದೇ, ಪ್ರಶ್ನೆಪತ್ರಿಕೆ ಬೇರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ಗಣಿತದಿಂದ ಶುರುಮಾಡಿ ಎಲ್ಲ ವಿಷಯಗಳನ್ನ ಎರಡು ಹಂತದಲ್ಲಿ ಕೊಡಬಹುದು ಅನ್ನುತ್ತೆ. ಇದರ ಪರವಾಗಿ ಮಾತಾಡೋರು ಕೆಟ್ಟವರೇನಲ್ಲ. ಅವರ ಕಣ್ಣ ಮುಂದೆ ನಮ್ಮಕ್ಕನ ಥರದವರು ಇದ್ದಾರೆ.

ಕುಣಿಗಲ್‌ನ ಲಂಗ

ಅಕ್ಕ ಅಂದ್ರೆ ನಮ್ಮ ದೊಡ್ಡಮ್ಮನ ಮಗಳು. ಕುಣಿಗಲ್‌ನಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲಾ ಪಾಸು, ಗಣಿತ ಫೇಲು. ಎರಡು ಸಲ ಕಟ್ಟಿದ್ಲು. ಎರಡನೇ ಸಲವೂ ಹೋದ್ಮೇಲೆ ಮನೇಲಿ ಸಾಕು ಬಿಡು ಅಂದ್ರು. ನರ್ಸಿಂಗ್ ಮಾಡ್ಬೇಕು ಅಂತ ಇದ್ದವಳು. ಈ ಸಂಚಿಕೆ ಬಗ್ಗೆ ಹೇಳಿದಾಗ ಅವಳು ಅಂದ್ಲು: "ಕಡ್ಡಾಯ ಅಂತ ಆರಾಮಾಗಿ ಹೇಳ್ತೀಯ ಕಣೋ. ನಂಗೆ ಒಂದು ಪೇಪರ್ ಇಡೀ ಬಾಗಿಲು ಮುಚ್ಚಿಬಿಡ್ತು. ಆ ಎಕ್ಸು ನಂಗೆ ಯಾವತ್ತು ಬೇಕಾಯ್ತು ಹೇಳು?"

ನನ್ನ ಹತ್ರ ಉತ್ತರ ಇರಲಿಲ್ಲ. ಅವಳು ಮಾತಾಡ್ತಾ ಮಾತಾಡ್ತಾ ಅಂಬ್ರೆಲಾ ಲಂಗ ಕತ್ತರಿಸ್ತಿದ್ಲು. ಸೊಂಟದ ಸುತ್ತಳತೆ 30 ಇಂಚು. ಆರರಿಂದ ಭಾಗಿಸಿ ಐದು ಅಂತ ಬರ್ಕೊಂಡ್ಲು, ಆಮೇಲೆ ಟೇಪನ್ನ ಐದಕ್ಕಿಂತ ಒಂಚೂರು ಹಿಂದಕ್ಕೆ ಹಿಡಿದು ಚಾಕ್‌ನಲ್ಲಿ ಗುರುತು ಮಾಡಿದ್ಲು.

"ಆರು ಯಾಕಕ್ಕ? ಹಿಂದಕ್ಕೆ ಯಾಕೆ ಹಿಡಿದೆ?"

"ಕಲಿಸಿದೋರು ಆರು ಅಂದ್ರು. ಹಂಗೇ ಇಟ್ರೆ ಸೊಂಟ ಒಂದೂವರೆ ಇಂಚು ದೊಡ್ಡದಾಗುತ್ತೆ. ಬಟ್ಟೆ ಹಾಳು ಮಾಡಿ ಮಾಡಿ ಗೊತ್ತಾಯ್ತು."

ಅಲ್ಲೇ ಬಿಲ್ ಬುಕ್ಕಿನ ಹಿಂದೆ ಬರೆದು ತೋರಿಸಿದೆ. ವೃತ್ತದ ಸುತ್ತಳತೆ ಅಂದ್ರೆ ಎರಡು ಪೈ ಆರ್. ಎರಡು ಪೈ ಅಂದ್ರೆ ಸುಮಾರು 6.28. ಮೂವತ್ತನ್ನ ಅದರಿಂದ ಭಾಗಿಸಿದ್ರೆ 4.77. ಐದು ಇಟ್ರೆ ಸುತ್ತು 31.4 ಆಗುತ್ತೆ. ಅವಳು ಬಟ್ಟೆ ಹಾಳು ಮಾಡಿ ಕಂಡುಕೊಂಡ ಆ "ಒಂದೂವರೆ ಇಂಚು" ಇದೇ 1.4.

ಅಕ್ಕ ಸ್ವಲ್ಪ ಹೊತ್ತು ಆ ಕಾಗದ ನೋಡ್ತಾ ಇದ್ಲು. "ಇದು ನಂಗೆ ಹತ್ತನೇ ಕ್ಲಾಸಲ್ಲಿ ಇತ್ತು. ಇದೇ ಫಾರ್ಮುಲಾ. ಲಂಗ ಅಂತ ಯಾರೂ ಹೇಳಲಿಲ್ಲ."

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. 2025ರ ಫೆಬ್ರವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಮಾಡಿದವರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಇದ್ದಾರೆ. ಕೋಲ್ಕತ್ತ ಮತ್ತು ದೆಹಲಿಯ ಮಾರ್ಕೆಟ್‌ಗಳಲ್ಲಿ ವ್ಯಾಪಾರ ಮಾಡೋ ಮಕ್ಕಳನ್ನ ಅವರು ನೋಡಿದ್ರು. ಆ ಮಕ್ಕಳು ಆಲೂಗಡ್ಡೆ, ಈರುಳ್ಳಿಯ ಕಷ್ಟದ ಲೆಕ್ಕವನ್ನ ಬಾಯಲ್ಲೇ ಮಾಡ್ತಾರೆ. ಶಾಲೆಯ ರೀತಿಯಲ್ಲಿ ಬರೆದ ಸುಲಭದ ಲೆಕ್ಕ ಕೊಟ್ರೆ ತಡವರಿಸ್ತಾರೆ. ಶಾಲೆಗೆ ಮಾತ್ರ ಹೋಗೋ ಮಕ್ಕಳದ್ದು ಉಲ್ಟಾ. ಪುಸ್ತಕದ ಲೆಕ್ಕ ಪರವಾಗಿಲ್ಲ, ಮಾರ್ಕೆಟ್ ಲೆಕ್ಕ ಬರಲ್ಲ. ಒಂದು ಕಡೆ ಕಲಿತದ್ದು ತಾನಾಗೇ ಇನ್ನೊಂದು ಕಡೆಗೆ ದಾಟಲ್ಲ. ದಾಟಿಸೋರು ಬೇಕು. ಆ ಕೆಲಸ ಶಾಲೆಯದ್ದು.

ನಾನು ಎಲ್ಲಿ ನಿಲ್ತೀನಿ

ಈಗ ಸ್ಕೂಟರ್‌ಗೆ ವಾಪಸ್ ಬರೋಣ. "ನನ್ನ ಸಾಲದ ನಿಜವಾದ ಬಡ್ಡಿ ಎಷ್ಟು?" ಇದಕ್ಕಿಂತ ದಿನಬಳಕೆಯ ಪ್ರಶ್ನೆ ಇದೆಯಾ? ತರಕಾರಿ ಮಾರೋ ಅಮ್ಮನಿಗೂ ಬೇಕು, ಸ್ವಸಹಾಯ ಸಂಘದ ಚಿಕ್ಕಮ್ಮನಿಗೂ ಬೇಕು. ಆದ್ರೆ 24 ಕಂತಿನ ಸಾಲಕ್ಕೆ ಆ ಉತ್ತರ ಬೇಕಂದ್ರೆ ಬಿಡಿಸಬೇಕಾದ್ದು ಎಕ್ಸ್‌ನ 24ನೇ ಘಾತದವರೆಗೆ ಹೋಗೋ ಸಮೀಕರಣ. ಅದಕ್ಕೆ ನೇರ ಸೂತ್ರವೇ ಇಲ್ಲ. ಊಹಿಸಿ, ತಿದ್ದಿ, ಮತ್ತೆ ಊಹಿಸಿ ಹತ್ತಿರ ಹೋಗಬೇಕು. ಎಕ್ಸೆಲ್ ಮಾಡೋದೂ ಅದನ್ನೇ. "ದಿನಬಳಕೆ ಲೆಕ್ಕ" ಅಂದ್ರೆ "ಸುಲಭದ ಲೆಕ್ಕ" ಅಂತ ನಾವು ಅಂದ್ಕೊಂಡಿದ್ದೀವಿ. ಸಾಲ ಕೊಡೋರು ಹಾಗೆ ಅಂದ್ಕೊಂಡಿಲ್ಲ.

ಪಿಯುಸಿಯಲ್ಲಿ ನಾನು ತಗೊಂಡಿದ್ದು ಬೇಸಿಕ್ ಮ್ಯಾಥ್ಸ್. ಕಾಮರ್ಸ್‌ನವರಿಗೆ ಗೊತ್ತಿರುತ್ತೆ. ಆ ಪುಸ್ತಕದಲ್ಲಿ ಒಂದು ಕಡೆ ಬಿಲ್ ಡಿಸ್ಕೌಂಟಿಂಗ್, ಷೇರು, ಮಾರಾಟ ತೆರಿಗೆ. ಇನ್ನೊಂದು ಕಡೆ ಮ್ಯಾಟ್ರಿಕ್ಸ್, ಡಿಫರೆನ್ಸಿಯೇಷನ್. ಮಹಾವೀರಾಚಾರ್ಯನ ಪುಸ್ತಕದ ಹಾಗೇ ಎರಡೂ ಒಂದೇ ರಟ್ಟಿನೊಳಗೆ. ಆದ್ರೆ ಈ ಪಾಠಕ್ಕೂ ಆ ಪಾಠಕ್ಕೂ ಬಾಗಿಲು ಇರಲಿಲ್ಲ. ನಾವು ಎರಡನ್ನೂ ಬೇರೆ ಬೇರೆಯಾಗಿ ಬಾಯಿಪಾಠ ಮಾಡಿ ಪಾಸಾದ್ವಿ. ಆ ಹಿರಿಯ ಗುಮಾಸ್ತರ ಥರ.

ಹಾಗಾಗಿ ನನ್ನ ಅಭಿಪ್ರಾಯ ಇದು. ಹತ್ತನೇ ಕ್ಲಾಸಿನವರೆಗೆ ಬೀಜಗಣಿತ ಎಲ್ಲರಿಗೂ ಇರಲಿ. ಎರಡು ಸಾಲು ಮಾಡಿದ್ರೆ ಸಣ್ಣ ಸಾಲಲ್ಲಿ ಯಾರ ಮಕ್ಕಳು ನಿಲ್ತಾರೆ ಅಂತ ನಮಗೆಲ್ಲ ಗೊತ್ತು. ಆದ್ರೆ ಪಾಠ ಶುರುವಾಗಬೇಕಾದ್ದು ಲಂಗದಿಂದ, ಕಂತಿನಿಂದ, ಗುಂಟೆಯಿಂದ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂತೆ ಮಾಡ್ತಾರಲ್ಲ, ಮಕ್ಕಳೇ ಸೊಪ್ಪು, ತೆಂಗಿನಕಾಯಿ ತಂದು ಮಾರ್ತಾರಲ್ಲ, ಅದು ಒಳ್ಳೇ ಶುರು. ಆದ್ರೆ ಅವತ್ತು ಸಂಜೆ ಫೋಟೋ ತೆಗೆದು ಮುಗಿಸ್ತೀವಿ. ಮಾರನೇ ದಿನ ಅದೇ ಸಂತೆಯ ಲೆಕ್ಕ ಬೋರ್ಡಿನ ಮೇಲೆ ಬರಬೇಕು. ಲಾಭಕ್ಕೆ ಎಕ್ಸ್ ಅಂತ ಹೆಸರಿಡಬೇಕು. ಆಗ ಆ ಎಕ್ಸ್ ಯಾರು ಅಂತ ಮಗುವಿಗೆ ಗೊತ್ತಿರುತ್ತೆ.

ಮತ್ತೆ ಅಕ್ಕನ ಮಾತನ್ನ ನಾನು ಮರೆಯಲ್ಲ. ಎಲ್ಲರಿಗೂ ಕಲಿಸಬೇಕು ಅನ್ನೋದು ಬೇರೆ, ಒಂದು ಪತ್ರಿಕೆಯಿಂದ ಒಬ್ಬಳ ಓದನ್ನೇ ನಿಲ್ಲಿಸೋದು ಬೇರೆ. ಮೊದಲನೆಯದನ್ನ ನಾನು ಒಪ್ತೀನಿ. ಎರಡನೆಯದನ್ನ ಒಪ್ಪೋಕೆ ಆಗಲ್ಲ. ಕಡ್ಡಾಯ ಅನ್ನೋದು ಮಗುವಿಗೆ ಎಷ್ಟು ಅನ್ವಯ ಆಗುತ್ತೋ, ಅರ್ಥ ಆಗೋ ಹಾಗೆ ಕಲಿಸೋದು ವ್ಯವಸ್ಥೆಗೂ ಅಷ್ಟೇ ಕಡ್ಡಾಯ ಆಗಬೇಕು.

ಇದು ತಮಾಷೆಯ ವಿಷಯ ಅಲ್ಲ. ಮೈಕ್ರೋಫೈನಾನ್ಸ್ ಸಾಲದ ಕಿರುಕುಳ ಎಷ್ಟು ಹೆಚ್ಚಾಯ್ತು ಅಂದ್ರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯ್ತು. ಕಾನೂನು ಕಿರುಕುಳ ತಡೀಬಹುದು. ಸೈನ್ ಹಾಕೋ ಮುಂಚೆ ಕೇಳಬೇಕಾದ ಪ್ರಶ್ನೆಯನ್ನ ನಾವೇ ಕೇಳಬೇಕು.

ಕೊನೆಗೆ ನಿಮಗೊಂದು ಹೋಂವರ್ಕ್. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ಹೊಸದಾಗಿ ವೈಯಕ್ತಿಕ ಸಾಲ ಕೊಡೋ ಬ್ಯಾಂಕು, ಫೈನಾನ್ಸ್ ಕಂಪನಿಗಳು "ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್" ಅನ್ನೋ ಹಾಳೆ ಕೊಡಬೇಕು. ಅದರಲ್ಲಿ "ಎಪಿಆರ್" ಅಂತ ಒಂದು ಸಂಖ್ಯೆ ಇರುತ್ತೆ. ಎಲ್ಲ ಶುಲ್ಕ ಸೇರಿಸಿ ವರ್ಷಕ್ಕೆ ನಿಮ್ಮ ಸಾಲದ ನಿಜವಾದ ಖರ್ಚು ಅದು. ಮನೇಲಿ ಯಾರಾದ್ರೂ ಈಚೆಗೆ ಸಾಲ ತಗೊಂಡಿದ್ರೆ ಇವತ್ತು ರಾತ್ರಿ ಆ ಹಾಳೆ ತೆಗೆಸಿ ನೋಡಿ. ಬಾಯಲ್ಲಿ ಹೇಳಿದ ಬಡ್ಡಿಗೂ ಆ ಸಂಖ್ಯೆಗೂ ಎಷ್ಟು ವ್ಯತ್ಯಾಸ ಇದೆ ಅಂತ ಅಮ್ಮನಿಗೋ ತಂಗಿಗೋ ಕೂರಿಸ್ಕೊಂಡು ವಿವರಿಸಿ. ವಿವರಿಸೋಕೆ ಆಗಲಿಲ್ಲ ಅಂದ್ರೆ ನಾವು ಶಾಲೇಲಿ ಏನು ಕಲೀಲಿಲ್ಲ ಅಂತ ಗೊತ್ತಾಗುತ್ತೆ.

ನಾನು ಆ 21.5 ಪರ್ಸೆಂಟ್ ಅಂತ ಹೇಳಿದಾಗ ತಾತ ನಗಲಿಲ್ಲ, ಬೈಯಲೂ ಇಲ್ಲ. "ಹೆಂಗೆ ಕಂಡುಹಿಡಿದೆ, ತೋರಿಸು" ಅಂದ್ರು. ಎಂಬತ್ತು ದಾಟಿದ ಮನುಷ್ಯ ಲ್ಯಾಪ್‌ಟಾಪ್ ಮುಂದೆ ಕೂತು, ಕನ್ನಡಕ ಸರಿ ಮಾಡ್ಕೊಂಡು, ಪ್ರತಿ ತಿಂಗಳ ಅಸಲು ಇಳಿಯೋದನ್ನ ಬೆರಳಿಟ್ಟು ಸಾಲು ಸಾಲಾಗಿ ನೋಡಿದ್ರು. ಹನ್ನೆರಡನೇ ಸಾಲಿನ ಹತ್ರ ನಿಲ್ಲಿಸಿ, "ಇಲ್ಲೇ ನಾನು ಕೇಳಿದ್ದು" ಅಂದ್ರು.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಿಮ್ಮ ಮನೆಯ ಹಿರಿಯರಿಗೆ ಕಾಲು ಮಗ್ಗಿ, ಮುಕ್ಕಾಲು ಮಗ್ಗಿ ಬರ್ತಿದ್ರೆ ಫೋನಲ್ಲಿ ರೆಕಾರ್ಡ್ ಮಾಡಿ ಇಟ್ಕೊಳ್ಳಿ. ಸಂತೆಯಲ್ಲಿ ಇನ್ನು ಅದು ಕೇಳಿಸಲ್ಲ.